ಕಾಗದಕ್ಕೆ ಸಿಗದ ಅಣಕ

1737ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟು ನಾಟಕದವರ ಕೊರಳಿಗೆ ಒಂದು ಕಾಯ್ದೆ ಕಟ್ಟಿತು. ಲಂಡನ್ನಿನಲ್ಲಿ ದುಡ್ಡು ಪಡೆದು ನಾಟಕ ಆಡುವ ಹಕ್ಕು ಇನ್ನು ಮೇಲೆ ಡ್ರೂರಿ ಲೇನ್ ಮತ್ತು ಕೋವೆಂಟ್ ಗಾರ್ಡನ್ ಎಂಬ ಎರಡು ರಂಗಮಂದಿರಗಳಿಗೆ ಮಾತ್ರ. ಅಲ್ಲಿಯೂ ಹೊಸ ನಾಟಕವಾದರೆ ಹದಿನಾಲ್ಕು ದಿನ ಮೊದಲೇ ಹಸ್ತಪ್ರತಿಯನ್ನು ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನ್ ಕಚೇರಿಗೆ ಕಳಿಸಿ ಒಪ್ಪಿಗೆ ತರಬೇಕು. ತಪ್ಪಿದರೆ 50 ಪೌಂಡ್ ದಂಡ. ಪ್ರಧಾನಿ ರಾಬರ್ಟ್ ವಾಲ್ಪೋಲ್‌ಗೆ ಇದರ ಅಗತ್ಯ ಬಿದ್ದದ್ದು ಯಾಕೆ ಎಂಬುದು ಗುಟ್ಟೇನಲ್ಲ. ಹೇಮಾರ್ಕೆಟ್ ಬೀದಿಯ ಚಿಕ್ಕ ರಂಗಮಂದಿರದಲ್ಲಿ ಹೆನ್ರಿ ಫೀಲ್ಡಿಂಗ್ ಅವನ ಸರ್ಕಾರವನ್ನು ದಿನವೂ ಗೇಲಿ ಮಾಡುತ್ತಿದ್ದ. ಕಾಯ್ದೆ ಬಂದ ಮೇಲೆ ಫೀಲ್ಡಿಂಗ್ ರಂಗ ಬಿಟ್ಟು ವಕೀಲಿ ಓದಿದ, ಕಾದಂಬರಿ ಬರೆದ. ಇಂಗ್ಲಿಷ್ ಸಾಹಿತ್ಯದ ಚರಿತ್ರೆಗಳು ಸಾಮಾನ್ಯವಾಗಿ ಇಲ್ಲಿಗೆ ಒಂದು ಗೆರೆ ಎಳೆಯುತ್ತವೆ: ವಿಡಂಬನೆ ರಂಗದ ಮೇಲೆ ಸತ್ತು ಕಾದಂಬರಿಯಲ್ಲಿ ಮರುಹುಟ್ಟು ಪಡೆಯಿತು ಎನ್ನುತ್ತವೆ. ಇದು ಅರ್ಧ ಮಾತ್ರ ನಿಜ. ಮಿಕ್ಕ ಅರ್ಧ ಅದೇ ಹೇಮಾರ್ಕೆಟ್ಟಿನ ಅದೇ ಕಟ್ಟಡದಲ್ಲಿ, ಹತ್ತು ವರ್ಷದ ನಂತರ, ಸ್ಯಾಮ್ಯುಯೆಲ್ ಫೂಟ್ ಎಂಬ ನಟನ ಕೈಗೆ ಸಿಕ್ಕಿತು. ಫೀಲ್ಡಿಂಗ್‌ನ ಹೆಸರು ಇಂದಿಗೂ ಪಠ್ಯಪುಸ್ತಕದಲ್ಲಿದೆ. ತನ್ನ ಕಾಲದವರಿಂದ ಇಂಗ್ಲೆಂಡಿನ ಅರಿಸ್ಟೋಫನೀಸ್ ಅನ್ನಿಸಿಕೊಂಡ ಫೂಟ್‌ನ ಹೆಸರು ಇಂದು ರಂಗಭೂಮಿಯ ಇತಿಹಾಸ ಕೆದಕುವವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ. ಅವನು ಅಷ್ಟು ಮೆರೆದದ್ದಕ್ಕೂ ಹೀಗೆ ಮರೆಯಾದದ್ದಕ್ಕೂ ಕಾರಣ ಒಂದೇ, ಅದು ಆ ಕಾಯ್ದೆಯೊಳಗೇ ಇದೆ ಎಂಬುದು ನನ್ನ ವಾದ. ಕಾಯ್ದೆ ಕೇಳಿದ್ದು ಕಾಗದವನ್ನು. ಫೂಟ್ ತನ್ನ ವಿಡಂಬನೆಯನ್ನು ಕಾಗದದಿಂದ ಎತ್ತಿ ದನಿಗೆ, ಮುಖಕ್ಕೆ, ನಡಿಗೆಗೆ ಸಾಗಿಸಿದ.

ಫೂಟ್ ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಕಾರ್ನ್‌ವಾಲಿನ ಟ್ರೂರೋದಲ್ಲಿ. ತಂದೆ ಊರಿನ ದೊಡ್ಡ ವಕೀಲ, ತಾಯಿ ಬಿರುದು-ಬಾವಲಿ ಇದ್ದ ಮನೆತನದವಳು. ಆಕ್ಸ್‌ಫರ್ಡಿನ ವೂಸ್ಟರ್ ಕಾಲೇಜು ಸೇರಿ ಪದವಿಯಿಲ್ಲದೆ ಹೊರಬಿದ್ದ. 1741ರಲ್ಲಿ ತಾಯಿಯ ಅಣ್ಣತಮ್ಮಂದಿರಲ್ಲಿ ಒಬ್ಬ ಇನ್ನೊಬ್ಬನನ್ನು ಬ್ರಿಸ್ಟಲ್ ಬಳಿ ನಿಂತಿದ್ದ ಯುದ್ಧನೌಕೆಯಲ್ಲಿ ಕೊಲ್ಲಿಸಿ ಗಲ್ಲಿಗೇರಿದ. ಅಳಿಯನಾದ ಫೂಟ್ ಆ ಕೊಲೆಯ ಬಗ್ಗೆಯೇ ಒಂದು ಕಿರುಹೊತ್ತಿಗೆ ಬರೆದು ಮಾರಿದ. ಸ್ವಂತ ಮನೆಯ ರಕ್ತವನ್ನೂ ಮಾರುಕಟ್ಟೆಗೆ ತರಬಲ್ಲವನು ಮುಂದೆ ಯಾರ ಮನೆಯ ಗುಟ್ಟನ್ನು ಬಿಟ್ಟಾನು! ಕೈಗೆ ಬಂದ ಆಸ್ತಿ ಜೂಜು, ಉಡುಪು, ಗೆಳೆಯರ ಪಾಲಾಯಿತು. ಸಾಲಗಾರರ ಜೈಲೂ ಆಯಿತು. 1744ರಲ್ಲಿ ಹೊಟ್ಟೆಪಾಡಿಗೆ ರಂಗ ಹತ್ತಿದಾಗ ಅವನು ಆರಿಸಿಕೊಂಡದ್ದು ಒಥೆಲೋ ಪಾತ್ರ. ಹಾಸ್ಯಕ್ಕೇ ಹುಟ್ಟಿದ್ದ ಆ ದುಂಡುಮುಖಕ್ಕೆ ಅದು ಒಗ್ಗಲಿಲ್ಲ.

ಆ ಒಥೆಲೋ ಪ್ರದರ್ಶನದ ಟಿಕೆಟ್ಟಿನಲ್ಲೇ ಒಂದು ಚಮತ್ಕಾರವಿತ್ತು. ಜನ ದುಡ್ಡು ಕೊಟ್ಟದ್ದು ಸಂಗೀತ ಕಛೇರಿಗೆ; ನಾಟಕ ಪುಕ್ಕಟೆ. ದುಡ್ಡು ಪಡೆದು ಆಡುವ ನಾಟಕಕ್ಕೆ ತಾನೆ ಕಾಯ್ದೆಯ ತಡೆ? 1741ರಲ್ಲಿ ಡೇವಿಡ್ ಗ್ಯಾರಿಕ್ ಮೊದಲ ಬಾರಿಗೆ ಮೂರನೇ ರಿಚರ್ಡನ ಪಾತ್ರದಲ್ಲಿ ಲಂಡನ್ನನ್ನು ಬೆರಗುಗೊಳಿಸಿದ್ದೂ ಇಂಥದೇ ಕಛೇರಿಯ ಮರೆಯಲ್ಲಿ. ಸರ್ಕಾರ ಚಾಪೆ ಕೆಳಗೆ ತೂರಿದರೆ ನಟರು ರಂಗೋಲಿ ಕೆಳಗೆ ತೂರುತ್ತಿದ್ದರು. ಆದರೆ ಈ ಉಪಾಯಗಳಲ್ಲಿ ಬದಲಾಗುತ್ತಿದ್ದದ್ದು ಟಿಕೆಟ್ಟಿನ ಹೆಸರು ಮಾತ್ರ, ಒಳಗೆ ಆಡುತ್ತಿದ್ದದ್ದು ಹಳೆಯ ಷೇಕ್ಸ್‌ಪಿಯರನೇ. 1747ರ ಏಪ್ರಿಲ್‌ನಲ್ಲಿ ಫೂಟ್ ಮಾಡಿದ್ದು ಬೇರೆಯೇ. ‘ಬೆಳಗಿನ ವಿನೋದ’ ಎಂಬ ಹೆಸರಿನಲ್ಲಿ ಹೇಮಾರ್ಕೆಟ್ಟಿನಲ್ಲಿ ಅವನು ಶುರುಮಾಡಿದ ಪ್ರದರ್ಶನವನ್ನು ಮ್ಯಾಜಿಸ್ಟ್ರೇಟರು ಬಂದು ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು: ಶ್ರೀ ಫೂಟ್ ತನ್ನ ಸ್ನೇಹಿತರನ್ನು ಮಧ್ಯಾಹ್ನ ಒಂದು ಬಟ್ಟಲು ಚಾಕೊಲೇಟು ಕುಡಿಯಲು ಕರೆಯುತ್ತಿದ್ದಾರೆ, ಟಿಕೆಟ್ಟುಗಳು ಕಾಫಿ ಅಂಗಡಿಯಲ್ಲಿ ದೊರೆಯುತ್ತವೆ. ಬಿಸಿ ಚಾಕೊಲೇಟು ಆಗ ಶ್ರೀಮಂತರ ಪಾನೀಯ. ಅದನ್ನು ಕುಡಿಯಲು ಸ್ನೇಹಿತರನ್ನು ಕರೆಯಬಾರದೆಂದು ಯಾವ ಕಾನೂನು ಹೇಳೀತು? ಜನ ಕಿಕ್ಕಿರಿದು ಬಂದರು. ಚಾಕೊಲೇಟು ಒಳಗೆ ತಯಾರಾಗುತ್ತಿದೆ, ಅಷ್ಟರಲ್ಲಿ ನನ್ನ ಕೈಕೆಳಗಿನ ಹುಡುಗ ನಟರಿಗೆ ಒಂದಿಷ್ಟು ಪಾಠ ಹೇಳಿಬಿಡುತ್ತೇನೆ ಎಂದು ಫೂಟ್ ರಂಗದ ಮೇಲೆ ನಿಂತ. ಆ ಪಾಠವೇ ಪ್ರದರ್ಶನ. ಗ್ಯಾರಿಕ್ ಹೇಗೆ ತಡವರಿಸಿ ಸಾಯುತ್ತಾನೆ, ನಟ ಕ್ವಿನ್ ಹೇಗೆ ಗಂಟಲು ಬಿಗಿದು ಗುಡುಗುತ್ತಾನೆ, ಊರೂರು ಸುತ್ತುವ ಕಣ್ಣಿನ ವೈದ್ಯ ಟೇಲರ್ ತನ್ನನ್ನು ತಾನೇ ಹೇಗೆ ಹೊಗಳಿಕೊಳ್ಳುತ್ತಾನೆ, ಎಲ್ಲವೂ ಅವನೊಬ್ಬನ ಬಾಯಲ್ಲಿ ಸರಿದುಹೋಯಿತು. ಚಾಕೊಲೇಟು ಬರಲೇ ಇಲ್ಲ, ಯಾರೂ ಕೇಳಲೂ ಇಲ್ಲ. ಮುಂದೆ ಹೊತ್ತು ಸಂಜೆಗೆ ಸರಿದು ಚಾಕೊಲೇಟು ಚಹಾ ಆಯಿತು, ಮರುವರ್ಷ ಚಿತ್ರಗಳ ಹರಾಜು ಆಯಿತು.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದದ್ದು ಆಹ್ವಾನಪತ್ರಿಕೆಯ ಜಾಣತನಕ್ಕಿಂತ ಹೆಚ್ಚಾಗಿ ಒಳಗೆ ನಡೆದದ್ದರ ಸ್ವರೂಪ. ಲಾರ್ಡ್ ಚೇಂಬರ್ಲೇನ್ ಕಚೇರಿಯ ಪರೀಕ್ಷಕರಿಗೆ ಕಳಿಸಬೇಕೆಂದರೂ ಕಳಿಸಲು ಅಲ್ಲಿ ಏನಿತ್ತು? ನಿನ್ನೆಯ ಸುದ್ದಿ ಇವತ್ತಿನ ಪಾಠ. ಇವತ್ತು ಗ್ಯಾಲರಿಯಲ್ಲಿ ಕೂತವನು ನಾಳೆಯ ಪಾತ್ರ. ಒಂದಿಷ್ಟು ಬರೆದುಕೊಂಡಿದ್ದರೂ ಬರೆದದ್ದರಲ್ಲಿ ಚುಚ್ಚುವಂಥದ್ದೇನೂ ಇರುತ್ತಿರಲಿಲ್ಲ. ‘ಬನ್ನಿ, ಕೂತುಕೊಳ್ಳಿ’ ಎಂಬ ಸಾಲನ್ನು ಯಾವ ಪರೀಕ್ಷಕ ತಾನೆ ಹೊಡೆದುಹಾಕುತ್ತಾನೆ? ಅದನ್ನು ಊರಿಗೆಲ್ಲ ಗೊತ್ತಿರುವ ಒಬ್ಬನ ಮೂಗಿನ ದನಿಯಲ್ಲಿ, ಅವನ ಹಾಗೇ ಸೊಂಟ ತಿರುವಿ ಹೇಳಿದಾಗ ಮಾತ್ರ ಅದು ಬೈಗುಳವಾಗುತ್ತದೆ. ಕಾಯ್ದೆ ಹೆಣೆದ ಬಲೆಗೆ ಮಾತು ಸಿಕ್ಕುತ್ತಿತ್ತು, ದನಿ ಸಿಕ್ಕುತ್ತಿರಲಿಲ್ಲ. ಇದಕ್ಕೆ ಒಂದು ಆಕ್ಷೇಪ ಸಹಜ. ಫೂಟ್ ಹುಟ್ಟಾ ಅಣಕಗಾರ, ಕಾಲೇಜಿನಲ್ಲಿ ಮುಖ್ಯಸ್ಥರನ್ನೇ ಅಣಕಿಸಿದವನು. ಕಾಯ್ದೆ ಇಲ್ಲದಿದ್ದರೂ ಅವನು ಇದನ್ನೇ ಮಾಡುತ್ತಿದ್ದ ಎನ್ನಬಹುದು. ಗುಣ ಅವನದೇ, ಒಪ್ಪೋಣ. ಆದರೆ ಸಹಪಾಠಿಗಳ ನಡುವೆ ಒಬ್ಬರನ್ನು ಅಣಕಿಸುವುದು ಬೇರೆ, ಅದೇ ಒಂದು ಕಸುಬಾಗಿ ಮೂವತ್ತು ವರ್ಷ ರಂಗಮಂದಿರ ತುಂಬಿಸುವುದು ಬೇರೆ. ಫೀಲ್ಡಿಂಗ್‌ನ ಕಾಲದಲ್ಲಿ ಮಂತ್ರಿಯನ್ನು ಹೀಯಾಳಿಸಲು ಕಥೆ ಕಟ್ಟಬಹುದಿತ್ತು, ರೂಪಕ ಹೂಡಬಹುದಿತ್ತು, ರಾಜಕಾರಣದ ಲೆಕ್ಕಾಚಾರವನ್ನೇ ರಂಗಕ್ಕೆ ತರಬಹುದಿತ್ತು. ಫೂಟ್‌ನ ಕಾಲಕ್ಕೆ ಆ ದಾರಿಗೆಲ್ಲ ಬೇಲಿ ಬಿದ್ದಿತ್ತು. ತೆರೆದಿದ್ದದ್ದು ವ್ಯಕ್ತಿಯ ಮೈಯೊಂದೇ. ರಂಗದ ವಿಡಂಬನೆಯನ್ನು ಸಭ್ಯಗೊಳಿಸಲು ಹೊರಟ ಕಾಯ್ದೆ ಅದನ್ನು ಇನ್ನಷ್ಟು ವೈಯಕ್ತಿಕ, ಇನ್ನಷ್ಟು ಕ್ರೂರ ಮಾಡಿತು.

ಕ್ರೂರ ಎನ್ನುವ ಮಾತನ್ನು ಮೆತ್ತಗೆ ಮಾಡುವ ಅಗತ್ಯವಿಲ್ಲ. 1757ರ ‘ದಿ ಆಥರ್’ ನಾಟಕದಲ್ಲಿ ಏಪ್ರೀಸ್ ಎಂಬ ವೇಲ್ಸ್ ಮೂಲದ ಗೃಹಸ್ಥ, ಫೂಟ್‌ನ ಊಟದ ಮೇಜಿನ ಗೆಳೆಯ, ತನ್ನ ನಡಿಗೆ ತೊದಲು ಸಮೇತ ರಂಗದ ಮೇಲೆ ಬಂದ. ಬೀದಿಯಲ್ಲಿ ಹುಡುಗರು ಪಾತ್ರದ ಹೆಸರು ಹಿಡಿದು ಕೂಗಲು ಶುರುಮಾಡಿದ ಮೇಲೆ ಆತ ಲಾರ್ಡ್ ಚೇಂಬರ್ಲೇನ್ ಬಳಿ ಹೋದ; ನಾಟಕಕ್ಕೆ ತಡೆ ಬಿತ್ತು. 1762ರಲ್ಲಿ ಡಬ್ಲಿನ್ನಿನ ಮುದ್ರಕ ಜಾರ್ಜ್ ಫಾಕ್ನರ್ ಸರದಿ. ಅವನಿಗೊಂದು ಮರದ ಕಾಲಿತ್ತು. ಫೂಟ್ ಆ ಕುಂಟನ್ನೂ ಬಿಡಲಿಲ್ಲ. ಫಾಕ್ನರ್ ಕೋರ್ಟಿಗೆ ಹೋದ. ಸ್ಯಾಮ್ಯುಯೆಲ್ ಜಾನ್ಸನ್ ಮಾತ್ರ ಯಾವ ಕಚೇರಿಗೂ ಹೋಗಲಿಲ್ಲ. ಫೂಟ್ ತನ್ನನ್ನು ರಂಗಕ್ಕೆ ತರಲಿದ್ದಾನೆ ಎಂದು ಕೇಳಿದ ಅವನು ಪುಸ್ತಕ ವ್ಯಾಪಾರಿ ಟಾಮ್ ಡೇವಿಸನ ಬಳಿ ಕೋಲಿನ ಬೆಲೆ ವಿಚಾರಿಸಿದ. ಸಾಮಾನ್ಯ ಕೋಲು ಆರು ಪೆನ್ಸ್ ಎಂದಾಗ, ಹಾಗಾದರೆ ಒಂದು ಶಿಲಿಂಗಿನದೇ ಇರಲಿ ಎಂದ. ಆ ಯೋಜನೆ ಅಲ್ಲಿಗೇ ನಿಂತಿತು. ಅದೇ ಜಾನ್ಸನ್, ಇವನ ಹಾಸ್ಯಕ್ಕೆ ನಗಬಾರದೆಂದು ಹಟ ಹಿಡಿದು ಒಂದು ಔತಣದಲ್ಲಿ ಕೂತು, ಕೊನೆಗೆ ಚಾಕು ಮುಳ್ಳು ಕೆಳಗಿಟ್ಟು ಬಿದ್ದು ಬಿದ್ದು ನಕ್ಕದ್ದನ್ನು ತಾನೇ ತನ್ನ ಜೀವನಚರಿತ್ರೆಕಾರ ಬಾಸ್ವೆಲ್‌ಗೆ ಹೇಳಿಕೊಂಡಿದ್ದಾನೆ. ಫೂಟ್‌ನ ವಿರೋಧಿಗಳು ಅವನಲ್ಲಿ ತತ್ವವಿಲ್ಲ, ಬರೀ ಬಾಯಿಚಪಲ ಎಂದದ್ದು ಇಂಥ ಪ್ರಸಂಗಗಳನ್ನು ಹಿಡಿದುಕೊಂಡು. ಅವರ ಮಾತನ್ನು ತಳ್ಳಿಹಾಕಲಾರೆ. ಆದರೆ ಅಣಕದ ಗುರಿ ವ್ಯಕ್ತಿಯಾದಾಗ ಅದರಿಂದ ಪಾರಾಗುವ ದಾರಿಯೂ ವ್ಯಕ್ತಿಯ ಬಲದ್ದೇ ಆಗಿತ್ತು: ಒಬ್ಬನಿಗೆ ಅರಮನೆಯ ಬಾಗಿಲು, ಒಬ್ಬನಿಗೆ ಕೋರ್ಟು, ಒಬ್ಬನಿಗೆ ಓಕ್ ಕೋಲು. ಯಾವುದೂ ಇಲ್ಲದವನು ನಗೆಪಾಟಲಾದ.

ಕಾಯ್ದೆಯ ಬಲೆಗೆ ದನಿ ಸಿಕ್ಕುತ್ತಿರಲಿಲ್ಲ ಎಂಬ ವಾದಕ್ಕೆ 1760ರ ‘ದಿ ಮೈನರ್’ ಗಟ್ಟಿ ಸಾಕ್ಷಿ. ಮೆಥಡಿಸ್ಟ್ ಬೋಧಕ ಜಾರ್ಜ್ ವಿಟ್‌ಫೀಲ್ಡ್ ಆಗ ಬಯಲಲ್ಲಿ ಸಾವಿರಾರು ಜನಕ್ಕೆ ಉಪದೇಶ ಮಾಡುತ್ತಿದ್ದ; ಅವನ ಕಣ್ಣು ಓರೆ. ನಾಟಕದಲ್ಲಿ ಆ ಓರೆಗಣ್ಣಿನ ಬೋಧಕನ ಹೆಸರು ಕೇಳಿಬರುತ್ತದೆ. ಅವನಿಂದ ಉದ್ಧಾರವಾದ ಶಿಷ್ಯೆ, ಸೂಳೆಗೇರಿ ನಡೆಸುತ್ತಲೇ ದೇವರ ಹೆಸರು ಜಪಿಸುವ ಶ್ರೀಮತಿ ಕೋಲ್‌ಳ ಪಾತ್ರವನ್ನು ಸ್ವತಃ ಫೂಟ್ ಹೆಂಗಸಿನ ವೇಷದಲ್ಲಿ ಆಡಿದ. ಇದನ್ನು ನಿಲ್ಲಿಸಬೇಕೆಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಸೆಕರ್ ಲಾರ್ಡ್ ಚೇಂಬರ್ಲೇನ್ ಆಗಿದ್ದ ಡೆವನ್‌ಶೈರ್ ಡ್ಯೂಕನನ್ನು ಒತ್ತಾಯಿಸಿದ. ಡ್ಯೂಕ್, ಎಲ್ಲೆಲ್ಲಿ ಆಕ್ಷೇಪವಿದೆಯೋ ಅಲ್ಲೆಲ್ಲ ನೀವೇ ಗುರುತು ಹಾಕಿ ಕೊಡಿ ಎಂದ. ಆರ್ಚ್‌ಬಿಷಪ್ ಹಿಂದೆಗೆದ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅವರಿಂದ ತಿದ್ದಲ್ಪಟ್ಟ ಪ್ರತಿ ಎಂದು ಫೂಟ್ ಅದನ್ನು ಅಚ್ಚು ಹಾಕಿಸಿಬಿಟ್ಟರೆ ಎಂಬ ಹೆದರಿಕೆ ಅವನಿಗೆ. ಇಡೀ ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಪಾದ್ರಿ ಒಂದು ಪ್ರಹಸನದ ಹಸ್ತಪ್ರತಿ ಹಿಡಿದು ಪೆನ್ಸಿಲ್ ಇಡಲು ಅಂಜಿದ್ದನ್ನು ಊಹಿಸಿಕೊಂಡರೆ ನಗು ಬರುತ್ತದೆ. ಆದರೆ ಅವನ ಕಷ್ಟ ನಿಜವಾದದ್ದು. ಗುರುತು ಹಾಕುವಂಥ ಸಾಲುಗಳು ಅಲ್ಲಿ ಕೆಲವೇ. ನೋವು ಮಾಡುತ್ತಿದ್ದದ್ದು ಸಾಲುಗಳ ನಡುವೆ ಫೂಟ್ ಹಾಕುತ್ತಿದ್ದ ನಿಟ್ಟುಸಿರು, ಮೇಲೆತ್ತುತ್ತಿದ್ದ ಕಣ್ಣು. ಒಂದೆರಡು ಸಾಲು ಹೋದವು, ನಾಟಕ ಉಳಿಯಿತು.

1766ರ ಚಳಿಗಾಲದಲ್ಲಿ ಒಂದು ದೊಡ್ಡಮನೆಯಲ್ಲಿ ಅತಿಥಿಗಳ ಜೊತೆಗಿದ್ದ ಫೂಟ್, ಅವನ ಬಡಾಯಿಯನ್ನು ಪರೀಕ್ಷಿಸಲು ಅವರು ಕೊಟ್ಟ ಪುಂಡುಕುದುರೆ ಏರಿ ಬಿದ್ದ. ಕಾಲು ಕತ್ತರಿಸಬೇಕಾಯಿತು. ಫಾಕ್ನರನ ಮರದ ಕಾಲನ್ನು ಅಣಕಿಸಿ ನಾಲ್ಕೇ ವರ್ಷ! ಅತಿಥಿಗಳಲ್ಲಿ ರಾಜ ಮೂರನೇ ಜಾರ್ಜನ ತಮ್ಮ ಯಾರ್ಕಿನ ಡ್ಯೂಕನೂ ಇದ್ದ. ಅವನ ಪಶ್ಚಾತ್ತಾಪದ ಫಲವಾಗಿ ಫೂಟ್‌ಗೆ ರಾಜಸನದು ಸಿಕ್ಕಿತು: ಪ್ರತಿ ವರ್ಷ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಬದುಕಿರುವ ತನಕ, ಹೇಮಾರ್ಕೆಟ್ಟಿನಲ್ಲಿ ನಾಟಕ ಆಡುವ ಹಕ್ಕು. ಇಲ್ಲಿ ಎರಡನೆಯ ಆಕ್ಷೇಪ ಏಳುತ್ತದೆ. ಕಾಯ್ದೆಯನ್ನು ಏಮಾರಿಸಿದವನು ಕೊನೆಗೆ ಅರಮನೆಯ ಕೃಪೆಗೆ ಕೈಯೊಡ್ಡಿದನಲ್ಲ, ಮತ್ತೆಲ್ಲಿಯ ವಿಡಂಬನಕಾರ? ಸನದು ಸಿಕ್ಕ ಮೇಲೆ ಅವನು ಎಲ್ಲರಂತೆ ಹಸ್ತಪ್ರತಿ ಕಳಿಸುತ್ತಿದ್ದ ಎಂಬುದೂ ನಿಜ. ಆದರೆ ಕೃಪೆಯ ಸ್ವರೂಪ ನೋಡಿ: ಅದು ರಂಗಮಂದಿರಕ್ಕೆ ಕೊಟ್ಟದ್ದಲ್ಲ, ಒಬ್ಬನ ಜೀವಕ್ಕೆ ಕಟ್ಟಿದ್ದು. ಒಂದು ಕಾಲಿನ ಬೆಲೆಯಾಗಿ ಬಂದ ಹಕ್ಕು ಉಳಿದ ಮೈಯ ಜೊತೆಗೇ ಹೋಗುವಂಥದ್ದು. ಫೂಟ್ ಆ ಮೈಯನ್ನೇ ಮತ್ತೆ ಬಂಡವಾಳ ಮಾಡಿದ. ಕುಂಟುವ ಪಾತ್ರಗಳನ್ನು ತನಗಾಗಿ ಬರೆದುಕೊಂಡ. 1768ರಲ್ಲಿ ವೈದ್ಯರ ಸಂಘದ ಒಳಜಗಳವನ್ನು ಬಯಲಿಗೆಳೆದ ‘ಎರಡು ಊರುಗೋಲಿನ ದೆವ್ವ’ ಅವನಿಗೆ ಸಾವಿರಾರು ಪೌಂಡ್ ತಂದಿತು. ನಾಟಕಕಾರ ಜಾನ್ ಓಕೀಫ್ ತೆರೆಯ ಹಿಂದೆ ಕಂಡದ್ದನ್ನು ಬರೆದಿಟ್ಟಿದ್ದಾನೆ: ಫೂಟ್ ಗೋಡೆಗೊರಗಿ ನಿಂತಿದ್ದಾನೆ, ಆಳು ಮೊಂಡುಗಾಲಿಗೆ ಕಾಲುಚೀಲ ಬೂಟು ತೊಡಿಸಿದ ರಂಗದ ಕಾಲನ್ನು ಬಿಗಿಯುತ್ತಿದ್ದಾನೆ, ಮುಖ ಕಳೆಗುಂದಿದೆ; ಮರುಕ್ಷಣ ಅವನು ನಗುವನ್ನು ಮುಖಕ್ಕೆ ತಂದುಕೊಂಡು ಕುಂಟುತ್ತಾ ಬೆಳಕಿಗೆ ಹೋಗುತ್ತಾನೆ.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವ ನಾಟಕ 1772ರ ಜೂನ್ 29ರಂದು ರಂಗಕ್ಕೆ ಬಂದ ‘ದಿ ನವಾಬ್’. ಇದು ಬರೆದ ನಾಟಕ, ಪರೀಕ್ಷಕರ ಒಪ್ಪಿಗೆ ಪಡೆದ ನಾಟಕ, ಆದರೂ ಹರಿತ. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಭಾರತದಿಂದ ಹೊರೆಗಟ್ಟಲೆ ಹಣ ಹೊತ್ತು ತಂದ ಸರ್ ಮ್ಯಾಥ್ಯೂ ಮೈಟ್, ಸಾಲದಲ್ಲಿ ಮುಳುಗಿದ ಹಳೆಯ ಮನೆತನವೊಂದರ ಪತ್ರಗಳನ್ನೆಲ್ಲ ಕೊಂಡುಕೊಂಡು, ಮಗಳನ್ನು ಕೊಡಿ ಇಲ್ಲವೇ ಮನೆ ಬಿಡಿ ಎನ್ನುತ್ತಾನೆ. ಮತಗಳನ್ನು ಮೊತ್ತವಾಗಿ ಮಾರುವ ಊರಿನಿಂದ ಪಾರ್ಲಿಮೆಂಟಿನ ಸೀಟು ಕೊಳ್ಳುತ್ತಾನೆ. ಈ ಮಾರಾಟದ ದೃಶ್ಯದಲ್ಲಿ ಊರಿನ ಮೇಯರನಿಗೆ ಅವನ ಜೊತೆಗಾರ ಕಂಪನಿಯ ವ್ಯವಹಾರ ವಿವರಿಸುತ್ತಾನೆ: ಮೊದಲು ವ್ಯಾಪಾರಕ್ಕೆಂದು ಹೋಗುತ್ತಾರೆ, ಇಷ್ಟಿಷ್ಟೇ ಜಾಗ ಒತ್ತರಿಸಿ ಕೋಟೆ ಕಟ್ಟುತ್ತಾರೆ, ಬಲ ಬಂದ ಮೇಲೆ ಅಲ್ಲಿಯವರನ್ನೇ ಓಡಿಸಿ ಹೊನ್ನು ಒಡವೆ ಬಾಚಿಕೊಳ್ಳುತ್ತಾರೆ. ಅದು ಸ್ವಲ್ಪ ಅಮರ್ಯಾದೆ ಅಲ್ಲವೇ ಎಂದು ಮೇಯರ್ ಕೇಳಿದರೆ, ಅವರೇನು, ತಾರ್ತಾರರಿಗಿಂತ ಕೊಂಚ ವಾಸಿ ಅಷ್ಟೇ ಎನ್ನುತ್ತಾನೆ ಜೊತೆಗಾರ. ತಾರ್ತಾರರು ಅವರಲ್ಲ, ಅವರ ಪಾಲಿಗೆ ನಾವೇ ಎಂದು ಬರುತ್ತದೆ ಉತ್ತರ. ವಸಾಹತು ಕಟ್ಟಿದ ಬಗೆಯನ್ನು ಲಂಡನ್ನಿನ ರಂಗದ ಮೇಲೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದ್ದು ಆ ಕಾಲಕ್ಕೆ ಅಪರೂಪ.

ಹಾಗಾದರೆ ಲಾರ್ಡ್ ಚೇಂಬರ್ಲೇನ್ ಇದನ್ನು ಹೇಗೆ ಬಿಟ್ಟ? ಉತ್ತರ ಆ ವರ್ಷದ ಲಂಡನ್ನಿನಲ್ಲಿದೆ. 1769ರಲ್ಲಿ ಮೈಸೂರಿನ ಹೈದರಾಲಿಯ ಸೇನೆಯ ಮುನ್ನಡೆಯ ಸುದ್ದಿ ತಲುಪಿದಾಗಲೇ ಕಂಪನಿಯ ಷೇರು ಕುಸಿದು, ಸಾಲ ಮಾಡಿ ಷೇರು ಕೊಂಡಿದ್ದ ದೊಡ್ಡವರು ಬೀದಿಗೆ ಬಿದ್ದಿದ್ದರು. ಆಮೇಲೆ ಬಂಗಾಳದ 1770ರ ಕ್ಷಾಮದ ವರದಿಗಳು ಬಂದವು. ನಾಟಕಕ್ಕೆ ಮೂರು ವಾರ ಮುಂಚೆ, ಜೂನ್ ಎರಡನೇ ವಾರದಲ್ಲಿ, ಲಂಡನ್ನಿನ ಬ್ಯಾಂಕರ್ ಅಲೆಕ್ಸಾಂಡರ್ ಫೋರ್ಡೈಸ್ ಪಲಾಯನ ಮಾಡಿ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದವು. ಪಾರ್ಲಿಮೆಂಟಿನ ಸಮಿತಿ ಕ್ಲೈವ್ ಮತ್ತವನ ಜೊತೆಯವರ ಲೆಕ್ಕ ಕೆದಕುತ್ತಿತ್ತು. ಸಭೆಯಲ್ಲಿ ಕೂತ ಜಮೀನ್ದಾರರಿಗೆ ಈ ಹೊಸ ಹಣವಂತರ ಮೇಲೆ ಉರಿ. ಈ ಹಣವಂತರ ಪರವಾಗಿ ಅರಮನೆಯಲ್ಲಿ ಬಾಯಿಬಿಡುವವರಿರಲಿಲ್ಲ. ಮೈಟ್ ಯಾರು ಎಂದು ಊರು ಊಹಿಸಿತು, ಕೆಲವರು ಕ್ಲೈವ್ ಎಂದರು, ಹಲವರು ಬಂಗಾಳದಿಂದ ಮರಳಿದ್ದ ಜನರಲ್ ರಿಚರ್ಡ್ ಸ್ಮಿತ್ ಎಂದರು. ಕಂಪನಿಯ ಇಬ್ಬರು ಅಧಿಕಾರಿಗಳು ಫೂಟ್‌ಗೆ ಹೊಡೆಯಲೆಂದು ಅವನ ಮನೆಗೆ ಹೋಗಿ, ಅವನ ಮಾತಿಗೆ ಮರುಳಾಗಿ ಊಟ ಮಾಡಿ ಬಂದರೆಂಬ ಕಥೆಯೂ ಹುಟ್ಟಿತು. ಬೆತ್ತ ಹಿಡಿದು ಖುದ್ದಾಗಿ ಹೋಗಬೇಕಾಯಿತು ಎನ್ನುವುದೇ ಅವರಿಗೆ ಬೇರೆ ಬಾಗಿಲು ಇರಲಿಲ್ಲವೆಂದು ಹೇಳುತ್ತದೆ. ಕಾಯ್ದೆ ರಾಜ್ಯದ ಮಾನವನ್ನೋ ಧರ್ಮದ ಮಾನವನ್ನೋ ಕಾಯುವುದಕ್ಕಿಂತ ಹೆಚ್ಚಾಗಿ ಅಧಿಕಾರಿಯ ಕಿವಿ ತಲುಪಬಲ್ಲ ವ್ಯಕ್ತಿಗಳನ್ನು ಕಾಯುತ್ತಿತ್ತು. ಇಲ್ಲಿ ಅಂಥವರು ಇರಲಿಲ್ಲವಾದ್ದರಿಂದ ಬರೆದ ಮಾತಿಗೂ ಒಮ್ಮೆ ದಾರಿ ಸಿಕ್ಕಿತು. ನಾಟಕವನ್ನು ಹೆಚ್ಚು ಹೊಗಳುವುದೂ ಬೇಡ. ಅದರಲ್ಲಿ ಭಾರತೀಯ ಪಾತ್ರ ಒಂದೂ ಇಲ್ಲ, ಕೊನೆಗೆ ಮನೆತನವನ್ನು ಉಳಿಸುವವನು ಲಂಡನ್ನಿನ ಒಬ್ಬ ಪ್ರಾಮಾಣಿಕ ವ್ಯಾಪಾರಿ. ಲೂಟಿಯಾದವರ ನೋವಿಗಿಂತ ಲೂಟಿಕೋರ ನಮ್ಮ ಮನೆ ಹೆಣ್ಣು ಕೇಳಿದನಲ್ಲ ಎಂಬ ಸಂಕಟವೇ ಅದರ ಉಸಿರು.

ಕಾಯ್ದೆ ಕಾಯುವುದು ಅಧಿಕಾರಿಯ ಕಿವಿ ತಲುಪಬಲ್ಲವರನ್ನು ಎಂಬ ಮಾತಿಗೆ ಮೂರು ವರ್ಷದ ನಂತರ ತಿರುಗುಮುರುಗು ಸಾಕ್ಷಿ ದೊರೆಯಿತು. 1775ರಲ್ಲಿ ಫೂಟ್ ‘ಕ್ಯಾಲೆ ಪ್ರವಾಸ’ ಎಂಬ ನಾಟಕ ಬರೆದ. ಅದರಲ್ಲಿ ಗಂಡನ ಸಾವಿಗೆ ಮೊಸಳೆ ಕಣ್ಣೀರು ಸುರಿಸುವ ಲೇಡಿ ಕಿಟ್ಟಿ ಕ್ರೊಕೊಡೈಲ್ ಎಂದರೆ ಕಿಂಗ್‌ಸ್ಟನ್ನಿನ ಡಚೆಸ್ ಎಂಬುದು ಮಕ್ಕಳಿಗೂ ಗೊತ್ತಾಗುವಂತಿತ್ತು. ಮೊದಲ ಗಂಡ ಬದುಕಿರುವಾಗಲೇ ಡ್ಯೂಕನನ್ನು ಮದುವೆಯಾದ ಆರೋಪ ಆಕೆಯ ಮೇಲಿತ್ತು. 1776ರ ಏಪ್ರಿಲ್‌ನಲ್ಲಿ ವೆಸ್ಟ್‌ಮಿನ್ಸ್ಟರ್ ಹಾಲಿನಲ್ಲಿ ಲಾರ್ಡ್ಸ್ ಸಭೆ ಅದನ್ನು ನಿಜವೆಂದು ತೀರ್ಮಾನಿಸಿತು. ಆದರೆ ಅದಕ್ಕೆ ಮೊದಲೇ ಆಕೆ ಲಾರ್ಡ್ ಚೇಂಬರ್ಲೇನ್ ಹರ್ಟ್‌ಫರ್ಡನ ಬಾಗಿಲು ತಟ್ಟಿ ನಾಟಕ ನಿಲ್ಲಿಸಿದ್ದಳು. ಫೂಟ್ ಸುಮ್ಮನಿರಲಿಲ್ಲ. ಇಬ್ಬರ ಪತ್ರಗಳು ಪತ್ರಿಕೆಗಳಲ್ಲಿ ಬಂದವು, ಕೆಸರೆರಚಾಟ ಬೀದಿಗೆ ಬಿತ್ತು. ಡಚೆಸ್‌ಳ ಕಡೆಯ ಪತ್ರಕರ್ತ, ಪಾದ್ರಿ ವಿಲಿಯಂ ಜಾಕ್ಸನ್, ಫೂಟ್ ಗಂಡಸರನ್ನು ಕೂಡುತ್ತಾನೆ ಎಂದು ಬರೆಯತೊಡಗಿದ. ಆ ಕಾಲದಲ್ಲಿ ಅದು ಗಲ್ಲಿನ ಅಪರಾಧ. ಕೆಲಸ ಬಿಟ್ಟಿದ್ದ ಗಾಡಿಯಾಳು ಒಬ್ಬ ಫೂಟ್ ತನ್ನ ಮೇಲೆ ಕೈಹಾಕಿದನೆಂದು ದೂರು ಕೊಟ್ಟ. ಅಷ್ಟರಲ್ಲೂ ಫೂಟ್ ಆ ಬೇಸಿಗೆ ರಂಗಕ್ಕೆ ಬಂದ. ತಡೆಯಾದ ನಾಟಕವನ್ನೇ ತಿದ್ದಿ ಜಾಕ್ಸನ್‌ನನ್ನು ಡಾಕ್ಟರ್ ವೈಪರ್ ಮಾಡಿ ಆಡಿದ. 1776ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್ ಎದುರು ವಿಚಾರಣೆ ನಡೆದು ಅವನು ನಿರ್ದೋಷಿ ಎಂದಾಯಿತು. ಮೂವತ್ತು ವರ್ಷ ಇತರರ ಮೈಯನ್ನು ರಂಗಕ್ಕೆ ಎಳೆದವನ ಮೈ ಈಗ ಕಟಕಟೆಯಲ್ಲಿ ನಿಂತಿತ್ತು. ಇದನ್ನು ತಕ್ಕ ಶಾಸ್ತಿ ಎಂದವರು ಆಗಲೂ ಇದ್ದರು. ಅವರ ಜೊತೆ ಸೇರಲು ನನಗೆ ಮನಸ್ಸಿಲ್ಲ. ಅಣಕಕ್ಕೆ ಅಣಕದಿಂದ ಉತ್ತರ ಕೊಡುವುದಕ್ಕೂ ನೇಣುಗಂಬ ತೋರಿಸಿ ಬಾಯಿ ಮುಚ್ಚಿಸುವುದಕ್ಕೂ ಬಹಳ ಅಂತರವಿದೆ.

1777ರ ಆರಂಭದಲ್ಲಿ ಫೂಟ್ ವರ್ಷಕ್ಕೆ 1600 ಪೌಂಡ್ ಪಡೆಯುವ ಕರಾರಿನ ಮೇಲೆ ರಂಗಮಂದಿರವನ್ನು ಜಾರ್ಜ್ ಕೋಲ್ಮನ್‌ಗೆ ಬಿಟ್ಟುಕೊಟ್ಟ. ಅಕ್ಟೋಬರ್ 21ರಂದು ಫ್ರಾನ್ಸಿಗೆ ಹೊರಟವನು ಡೋವರ್‌ನ ಛತ್ರದಲ್ಲಿ ತೀರಿಕೊಂಡ. ಕೋಲ್ಮನ್ ಪಾಲಿಗೆ ಅಗ್ಗದ ವ್ಯಾಪಾರ. ಆದರೆ ಸನದು ಫೂಟ್‌ನೊಂದಿಗೇ ಹೋಯಿತು, ಹೇಮಾರ್ಕೆಟ್ಟಿಗೆ ಕೋಲ್ಮನ್ ವರ್ಷವರ್ಷವೂ ಪರವಾನಗಿ ಬೇಡಬೇಕಾಯಿತು. ಬೇರೆ ಕಂಪನಿಗಳು ಆಡಿಬಿಟ್ಟಾವೆಂದು ಫೂಟ್ ತನ್ನ ಕೊನೆಯ ವರ್ಷಗಳ ಹಲವು ನಾಟಕಗಳನ್ನು ಅಚ್ಚಿಗೆ ಕೊಟ್ಟಿರಲಿಲ್ಲ. 1778ರಲ್ಲಿ ಕೋಲ್ಮನ್ ಅವನ್ನೆಲ್ಲ ಮುದ್ರಿಸಿದ. ಲಾರ್ಡ್ ಚೇಂಬರ್ಲೇನ್ ತಡೆದಿದ್ದ ‘ಕ್ಯಾಲೆ ಪ್ರವಾಸ’ವೂ ಅವುಗಳಲ್ಲಿತ್ತು. ರಂಗದ ಮೇಲೆ ಬಂದರೆ ರಾಜ್ಯವೇ ಅಲುಗುತ್ತದೆ ಎಂಬಂತೆ ಕಾದಾಡಿದ್ದ ಆ ನಾಟಕವನ್ನು ಅಚ್ಚಿನಲ್ಲಿ ನಿಲ್ಲಿಸಲು ಕಾಯ್ದೆಗೆ ಅಧಿಕಾರವಿರಲಿಲ್ಲ. ಡಚೆಸ್ ಆಗಿನ್ನೂ ಯುರೋಪಿನಲ್ಲಿ ಬದುಕಿದ್ದಳು. ಯಾರು ಬೇಕಾದರೂ ಅಂಗಡಿಗೆ ಹೋಗಿ ಲೇಡಿ ಕಿಟ್ಟಿಯ ಒಂದೊಂದು ಮಾತನ್ನೂ ಓದಬಹುದಾಗಿತ್ತು. ಇಂದು ಅದನ್ನು ಓದಿದರೆ ನಗು ಬರುವ ಜಾಗ ಎಲ್ಲಿ ಎಂದು ಹುಡುಕಬೇಕಾಗುತ್ತದೆ.